ದೈವದ ಸಹಿ, ಮಸ್ಕತ್ತಿನ ಹೊಸ್ತಿಲು ಮತ್ತು ಯುನಿವರ್ಸಿಟಿ ಹೆಣ್ಣು

ಬನ್ನಿ, ಚಾಪೆ ಎಳೆದುಕೊಂಡು ಸರಿಯಾಗಿ ಕೂಕಣಿ. ಕಾಲು ಚಾಚುವವರು ಚಾಚಿ, ಗೋಡೆಗೆ ಒರಗುವವರು ಒರಗಿ. ನಡುವೆ ಎದ್ದು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಓಡಬಾರದು. ಇಟ್ಟವರಿದ್ದರೆ ಈಗಲೇ ಹೋಗಿ ಇಳಿಸಿ ಬನ್ನಿ, ನಾನು ಕಾಯುತ್ತೇನೆ.

ನಗುವಂಥದ್ದು ನಮ್ಮ ಮನೆಯಲ್ಲಿ ಆಗುತ್ತಲೇ ಇರುತ್ತದೆ. ಶಿರೂರಿನ ಕಡಲ ಬದಿಯ ಮನೆ ನಮ್ಮದು. ನಾನು ಬೈಂದೂರು ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರಿ ಸಂಸಾರ ಮಾಡಿದವಳು. ಶಾಲೆಯ ಒಳಗೆ ಕಾಲಿಟ್ಟದ್ದು ಓಟು ಹಾಕಲು ಮಾತ್ರ. ಅಂಥ ನನ್ನ ಮನೆಗೇ ಹುಡುಕಿಕೊಂಡು ಒಂದು ಯುನಿವರ್ಸಿಟಿ ಬಂತು. ಅದು ಬಂದ ಮೇಲೆ ಆದಷ್ಟು ತಮಾಷೆ ನಾನು ಮದುವೆಯಾಗಿ ಬಂದಾಗಿನಿಂದ ಆಗಿರಲಿಲ್ಲ.

ಊರಿಗೆ ಬಂದ ಭಕ್ತಿ

ಶಿವರಾತ್ರಿ ಕಳೆದ ಮೇಲೆ ಒಂದು ದಿನ, ನಾನು ಜಗಲಿಯಲ್ಲಿ ಚಟ್ಲಿ, ಅಂದರೆ ಸೀಗಡಿ, ಬಿಡಿಸುತ್ತಾ ಕೂತಿದ್ದೆ. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಒಂದು ಹುಡುಗಿ ಬಂದು ಅಂಗಳದಲ್ಲಿ ನಿಂತಳು. ಮೈಸೂರಿನ ಕಡೆಯ ಮಾತು. "ಅಜ್ಜಿ, ಕೆಲವು ತಿಂಗಳು ಇರಕ್ಕೆ ಇಲ್ಲಿ ಒಂದು ಕೋಣೆ ಸಿಗುತ್ತಾ?" ಅಂತ ಕೇಳಿದಳು.

ಮಸ್ಕತ್ತಿನಲ್ಲಿರುವ ನನ್ನ ಮಗನ ಕೋಣೆ ಖಾಲಿಯೇ ಇತ್ತು. "ಕೋಣೆ ಇತ್ತ್ ಮಗಾ. ನೀ ಎಂತ ಓದುದ್?" ಅಂದೆ.

"ನಂಬಿಕೆ ಮತ್ತೆ ಜಾಗತೀಕರಣ ಅಜ್ಜಿ. ಹೊರದೇಶದ ಕೆಲಸ, ವ್ಯಾಪಾರ, ಮೊಬೈಲು ಎಲ್ಲಾ ಬಂದ ಮೇಲೆ ಜನರ ದೇವರು ದಿಂಡರು ಹೇಗೆ ಬದಲಾದ್ರು, ದೇವರ ಮೇಲಿನ ನಂಬಿಕೆ ಆ ಕೆಲಸ ವ್ಯಾಪಾರಾನ ಹೇಗೆ ಬದಲಾಯಿಸ್ತು ಅಂತ."

ನನ್ನ ಓರಗಿತ್ತಿ ಇದ್ದಾಳಲ್ಲ, ಗಂಡನ ತಮ್ಮನ ಹೆಂಡತಿ, ಒಂದೇ ಮನೆಯಲ್ಲಿ ಇರುವವಳು, ಒಳಗಿನಿಂದಲೇ ಕೇಳಿದಳು. "ಇದನ್ನ್ ಓದುಕೆ ಯುನಿವರ್ಸಿಟಿ ಬೇಕಾ? ನಮ್ಮ ಬಾವಿಕಟ್ಟೆ ಸಾಕಿದ್ದಿತ್ತಲೆ."

ಹುಡುಗಿ ನಕ್ಕಳು. ನಗುವಾಗಲೂ ಮುಖದಲ್ಲಿ ಒಂದು ಚಿಂತೆ ಇತ್ತು. ಎರಡು ದಿನ ಕಳೆದ ಮೇಲೆ, ನನ್ನೊಟ್ಟಿಗೆ ಕೂತು ಚಟ್ಲಿ ಬಿಡಿಸುತ್ತಾ ಬಾಯಿಬಿಟ್ಟಳು. ಅವಳಿಗೆ ದಾರಿ ತೋರಿಸುವ ದೊಡ್ಡ ಮೇಷ್ಟ್ರು ಒಬ್ಬರಿದ್ದಾರಂತೆ, ಗೈಡ್ ಅಂತ. ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರಂತೆ: "ಬೇಕಾದಷ್ಟು ಸಮಯ ಕೊಟ್ಟಾಯ್ತು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ನಾನೇ ಬಂದು ನೋಡ್ತೀನಿ. ಯಾವುದು ಯಾವುದನ್ನ ಬದಲಾಯಿಸ್ತು ಅಂತ ಕಣ್ಣಿಗೆ ಕಾಣೋ ಹಾಗೆ ತೋರಿಸಬೇಕು. ಇಲ್ಲಾಂದ್ರೆ ನಿನ್ನ ಹೆಸರು ತೆಗೆಸೋದೇ." ಹೆಸರು ತೆಗೆದರೆ ಅವಳು ಓದಿದ್ದೆಲ್ಲ ಹೊಳೆಗೆ ಹಾಕಿದ ಹಾಗೆ.

"ಹೆದ್ರಬೇಡ. ನಾವೆಲ್ಲ ಇದ್ದೊ ಅಲ್ದಾ," ಅಂದೆ. ಅದನ್ನು ಕೇಳಿದ ಊರಿನವರು ನಿಜವಾಗಿಯೂ ಸಹಾಯಕ್ಕೆ ಇಳಿದರು. ತೊಂದರೆ ಶುರುವಾದದ್ದೇ ಅಲ್ಲಿ.

ಅವಳು ಭಕ್ತಿಯ ವಿಷಯ ಬರೆಯುತ್ತಾಳೆ ಅಂತ ತಿಳಿದದ್ದೇ ತಡ, ಊರಿನಲ್ಲಿ ಭಕ್ತಿ ಉಕ್ಕಿತು. ದೇವಸ್ಥಾನದ ದಿಕ್ಕಿಗೆ ತಲೆ ಹಾಕಿ ಮಲಗದವರೂ ಹಣೆಗೆ ಗಂಧ ಹಚ್ಚಿಕೊಂಡು ಓಡಾಡಿದರು. ಓರಗಿತ್ತಿ ಮಧ್ಯಾಹ್ನವೂ ದೀಪ ಹಚ್ಚಿದಳು. ಹೊರದೇಶದ ವಿಷಯವೂ ಬೇಕಂತೆ ಅಂತ ಗೊತ್ತಾದ ಕೂಡಲೇ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮಸ್ಕತ್ತಿನ ಉಣ್ಣೆ ಕಂಬಳಿಗಳೆಲ್ಲ ಅಂಗಳದ ಹಗ್ಗದ ಮೇಲೆ ಬಂದವು. ಆ ಉರಿಬಿಸಿಲಿನಲ್ಲಿ ನಮ್ಮ ಕೇರಿಯನ್ನು ನೋಡಿದವರು, ಇಲ್ಲಿಯೂ ಹಿಮ ಬೀಳುತ್ತದೆ ಅಂದುಕೊಳ್ಳಬೇಕು. ಹುಡುಗಿಗೆ ಸಂತೋಷವೋ ಸಂತೋಷ. "ಸರ್, ಇಲ್ಲಿ ಎರಡೂ ಒಟ್ಟೊಟ್ಟಿಗೇ ಹೆಚ್ಚುತ್ತಾ ಇವೆ," ಅಂತ ಗೈಡಿಗೆ ಫೋನಿನಲ್ಲಿ ಹೇಳಿದ್ದೂ ಆಯಿತು.

ಆಮೇಲೆ ಅವಳು ಮೈಸೂರಿಗೆ ಹೋದಳು. ಬರುತ್ತೇನೆ ಅಂದ ದಿನಕ್ಕಿಂತ ಮೊದಲೇ, ಬೆಳಗಿನ ಬಸ್ಸಿಗೆ ಬಂದು ಇಳಿದಳು. ಹಗ್ಗದ ಮೇಲೆ ಒಂದು ಕಂಬಳಿ ಇಲ್ಲ, ಒಂದು ಹಣೆಯಲ್ಲಿ ಗಂಧ ಇಲ್ಲ. ಓರಗಿತ್ತಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಒಣಮೀನು ಸುಟ್ಟು ಗಂಜಿ ಉಣ್ಣುತ್ತಿದ್ದಳು. ಹುಡುಗಿಯನ್ನು ನೋಡಿ ಅವಳಿಗೆ ಸಿಟ್ಟೇ ಬಂತು.

"ಬಪ್ಪುಕ್ಕಿಂತ ಮುಂಚೆ ಒಂದ್ ಫೋನ್ ಮಾಡುಕೆ ಆತಿಲ್ಲ್ಯಾ ಹೆಣೆ? ಭಕ್ತಿ ಮಾಡ್ಕಂಡ್ ಕೂಕಂತಿದ್ದೆ."

ದೈವದ ಸಹಿ

ಅಲ್ಲಿಗೆ ಹುಡುಗಿಗೆ ತಾನು ಬರೆದದ್ದು ಊರಿನ ಭಕ್ತಿಯಲ್ಲ, ತನ್ನ ಮೇಲಿನ ಪ್ರೀತಿ ಅಂತ ಗೊತ್ತಾಯಿತು. ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದಳು. ಈ ಸಲ ಗಟ್ಟಿ ಜಾಗದಿಂದಲೇ ಶುರುವಾಗಲಿ ಅಂತ, ನಾನು ಅವಳನ್ನು ನಮ್ಮ ಹಾಯ್ಗುಳಿ ದೈವದ ಪಾತ್ರಿಯ ಹತ್ತಿರ ಕರೆದುಕೊಂಡು ಹೋದೆ. ಪಾತ್ರಿ ಅಂದರೆ, ದರ್ಶನದ ದಿನ ದೈವ ಯಾರ ಮೈಮೇಲೆ ಬಂದು ನುಡಿ ಕೊಡುತ್ತದೋ ಆ ಮನುಷ್ಯ. ಉಳಿದ ದಿನ ಅವರು ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾರೆ. ಮಾತು ಬಹಳ ಕಡಿಮೆ.

ಹುಡುಗಿ ಒಂದು ಕಾಗದ ತೆಗೆದಳು. ಯುನಿವರ್ಸಿಟಿಯ ನಿಯಮವಂತೆ: ಯಾರ ಮಾತು ಬರೆದುಕೊಳ್ಳುತ್ತಾರೋ ಅವರು ಒಪ್ಪಿಗೆ ಇದೆ ಅಂತ ಸಹಿ ಹಾಕಬೇಕು.

ಪಾತ್ರಿ ಕಾಗದವನ್ನು ದೂರ ಹಿಡಿದು ನೋಡಿ ಕೇಳಿದರು. "ಯಾವ ಮಾತ್ ಬರ್ಕಂಬುದ್?"

"ದರ್ಶನದಲ್ಲಿ ನೀವು ಹೇಳ್ತೀರಲ್ಲ, ಅದು."

"ಅದ್ ನಾನ್ ಹೇಳುದಲ್ಲ. ಹೇಳಿದ್ ನಂಗೆ ನೆನಪೂ ಇರುದಿಲ್ಲ. ನಾನ್ ಸಹಿ ಹಾಕ್ರೆ ಐಸ್ ಪ್ಲಾಂಟಿನ ವಿಷಯಕ್ಕ್ ಮಾತ್ರ ಹಾಕ್ಲಕ್ಕ್."

ಹುಡುಗಿ ಯುನಿವರ್ಸಿಟಿಗೆ ಫೋನ್ ಮಾಡಿ ಕೇಳಿದಳು. ಅಲ್ಲಿನವರು, "ಯಾರು ಮಾತಾಡ್ತಾರೋ ಅವರದ್ದೇ ಒಪ್ಪಿಗೆ ಬೇಕು, ಬೇರೆಯವರದ್ದು ನಡೆಯಲ್ಲ," ಅಂದರಂತೆ. ಪಾತ್ರಿ ಹೇಳಿದ್ದೂ ಅದನ್ನೇ. ಹಾಗಾಗಿ ದರ್ಶನದ ದಿನ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ನನ್ನ ಪಕ್ಕದಲ್ಲಿ ನಿಂತಳು.

ದೈವ ಮೈಮೇಲೆ ಬಂತು. ಕೆಂಪು ರೇಷ್ಮೆ ಪಟ್ಟೆ ಉಟ್ಟು, ಕೈಯಲ್ಲಿ ಅಡಿಕೆ ಹೂವಿನ ಹಿಂಗಾರ ಹಿಡಿದು, ಐಸ್ ಪ್ಲಾಂಟಿನ ಮೆತ್ತಗಿನ ಮನುಷ್ಯ ಆಕಾಶದಷ್ಟು ಎತ್ತರ ಕಂಡರು. ಊರಿನವರ ಕಷ್ಟಸುಖ ಕೇಳಿ ಆಯಿತು. ಆಮೇಲೆ ನಮ್ಮ ಸರದಿ.

"ಎಂತ ಮಗು ಇದ್?" ಅಂತ ದೈವ ಕೇಳಿತು.

ನಾನು ಕೈಮುಗಿದೆ. "ಸ್ವಾಮಿ, ಪಾಪದ ಹೆಣ್ಣ್. ನಿಮ್ಮ ನುಡಿ ಬರ್ಕಂಬುಕೆ ನಿಮ್ಮದೇ ಅಪ್ಪಣೆ ಬೇಕಂಬ್ರ್ ಯುನಿವರ್ಸಿಟಿಯವ್ರ್."

ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. ಕಾಗದದಲ್ಲಿ ಇದ್ದದ್ದನ್ನು ಎದುರಿನವರಿಗೆ ಓದಿ ಹೇಳಬೇಕು ಅನ್ನುವುದೂ ನಿಯಮವಂತೆ, ಓದಿಯೇಬಿಟ್ಟಳು. "ಈ ಅಧ್ಯಯನದಲ್ಲಿ ಭಾಗವಹಿಸುವುದು ನಿಮ್ಮ ಇಷ್ಟ. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಗೆ ಹೋಗಬಹುದು. ನಿಮ್ಮ ಹೆಸರನ್ನು ಗುಟ್ಟಾಗಿ ಇಡಲಾಗುವುದು."

ಚೆಂಡೆ ನಿಂತಿತು. ಊರಿಗೆ ಊರೇ ನಮ್ಮ ಕಡೆ ತಿರುಗಿತು.

"ನನ್ನ ಹೆಸ್ರ್ ಗುಟ್ಟಾಗಿ ಇಡ್ಕಾ?" ಅಂತು ದೈವ. "ನನ್ನ ಹೆಸ್ರ್ ಹೇಳದೆ ಈ ಊರಗೆ ಒಂದ್ ದೋಣಿ ನೀರಿಗೆ ಇಳಿತಿಲ್ಲ್ಯೆ ಮಗು. ದೊಡ್ಡದ್ ಮಾಡಿ ಬರಿ."

ಹಾಗೆ ಹೇಳಿ ಗಂಧ ಪ್ರಸಾದ ಕೊಟ್ಟಿತು. ಹುಡುಗಿಯ ಎರಡೂ ಕೈಯಲ್ಲಿ ಕಾಗದ ಇತ್ತಲ್ಲ, ಗಂಧ ಹೋಗಿ ಕಾಗದದ ಮೇಲೆ ಬಿತ್ತು. ಎಲ್ಲಿ ಬಿತ್ತು ಅಂತೀರಿ? ಕೆಳಗೆ, ಸಹಿ ಹಾಕುವ ಜಾಗದಲ್ಲೇ.

ಅವಳು ಅದನ್ನು ಹಾಗೆಯೇ ಒಣಗಿಸಿ ಕಳಿಸಿದಳು. ಅಲ್ಲಿನ ಆಫೀಸಿನವರು ವಿಷಯ ಕೇಳಿ, ಚಪ್ಪಲಿ ಬಿಟ್ಟು ಫೈಲನ್ನು ಕಪಾಟಿನ ಮೇಲೆ ಇಟ್ಟರಂತೆ. ಅದರ ಮೇಲೆ ಬೇರೆ ಫೈಲು ಇಡಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಅದರಿಂದಾಗಿ, ಆ ಆಫೀಸಿನಲ್ಲಿ ಹುಡುಕಿದ ಕೂಡಲೇ ಸಿಗುವ ಕಾಗದ ಅಂದರೆ ನಮ್ಮ ದೈವದ್ದು ಒಂದೇ.

ನೆಟ್ ಹೋದಾಗ ಬಂದ ಬಣ್ಣದ ವೇಷ

ಸಾಲಿಗ್ರಾಮದ ಹತ್ತಿರ ನನ್ನ ತಂಗಿಯ ಮನೆ. ಅವಳ ನೆರೆಮನೆಯವರು ಮುಂಬಯಿಯಲ್ಲಿ ಹೋಟೆಲು ನಡೆಸುವವರು. ಅವರ ತಾಯಿ ಹೇಳಿಕೊಂಡ ಒಂದು ಹರಕೆ ಆಟ, ಅಂದರೆ ಹರಕೆಗೆ ಆಡಿಸುವ ಯಕ್ಷಗಾನ, ಬಹಳ ಕಾಲದಿಂದ ಬಾಕಿ ಇತ್ತು. ಮೇಳದವರ ದಿನ ಸಿಕ್ಕುವ ಹೊತ್ತಿಗೆ ತಾಯಿ ಹಾಸಿಗೆ ಹಿಡಿದಿದ್ದರು, ಪ್ರಯಾಣ ಮಾಡುವ ಹಾಗಿಲ್ಲ. ಹಾಗಾಗಿ ಆಟ ಇಲ್ಲಿ ಆಗುವುದು, ಆ ಅಮ್ಮ ಮುಂಬಯಿಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ನೋಡುವುದು ಅಂತ ವ್ಯವಸ್ಥೆ ಆಯಿತು.

ಹುಡುಗಿ, "ಅಜ್ಜಿ, ನನಗೆ ಬೇಕಾದದ್ದು ಇದೇ," ಅಂತ ಕುಣಿದಳು. ಇಬ್ಬರೂ ಬಸ್ಸು ಹತ್ತಿದೆವು.

ಹೊತ್ತು ಮುಳುಗುವಾಗ ಆಟ ಶುರು. ಎಲ್ಲ ಚೆನ್ನಾಗಿಯೇ ನಡೆಯಿತು. ಬಣ್ಣದ ವೇಷದ ರಾಕ್ಷಸ, ಇಷ್ಟು ದೊಡ್ಡ ಕಿರೀಟ, ಮುಖದ ತುಂಬ ಅಕ್ಕಿಹಿಟ್ಟಿನಲ್ಲಿ ಇಟ್ಟ ಬಿಳಿ ಚಿಟ್ಟೆಯ ಚುಕ್ಕೆ, ಕೂಗುತ್ತಾ ಜನರ ನಡುವಿನಿಂದ ರಂಗಕ್ಕೆ ನುಗ್ಗಿದ. ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಹೊಕ್ಕವು. ಸರಿಯಾಗಿ ಆ ಹೊತ್ತಿಗೆ ಮುಂಬಯಿಯಲ್ಲಿ ನೆಟ್ ಹೋಯಿತು. ಅದು ತಿರುಗಿ ಬರುವಾಗ, ಇಲ್ಲಿ ರಾಕ್ಷಸ ಸತ್ತು, ವೇಷ ಕಟ್ಟುವ ಚೌಕಿಗೆ ಹೋಗಿ ನೀರು ಕುಡಿಯುತ್ತಿದ್ದ.

ಮುಂಬಯಿಯಿಂದ ಮಗ ಫೋನ್ ಮಾಡಿದರು. "ಅಮ್ಮ ಅಳ್ತಾ ಇದ್ರ್. ರಾಕ್ಷಸ ಬಂದದ್ದೇ ಕಾಣಲಿಲ್ಲ, ಹರಕೆ ಸಂದಾಯ ಆಯ್ಲಿಲ್ಲ ಅಂತ್ರ್. ಇನ್ನೊಂದ್ ಸಲ ಬಪ್ಪುಕೆ ಹೇಳಿನಿ."

ಭಾಗವತರು ಒಪ್ಪಲಿಲ್ಲ. "ಸತ್ತವ ತಿರುಗಿ ಬಂದ್ರೆ ಕಥೆ ಎಲ್ಲಿಗ್ ಹೋತ್ತ್ ಮಾರಾಯ್ರೆ?"

ಅದನ್ನು ಕೇಳಿಸಿಕೊಂಡ ಬಣ್ಣದ ವೇಷದವರೇ ಎದ್ದು ನಿಂತರು. ಅರ್ಧ ಬಿಚ್ಚಿದ ಕಿರೀಟವನ್ನು ಮತ್ತೆ ಕಟ್ಟಿಸಿಕೊಂಡರು. "ಅಮ್ಮ ಅಲ್ದಾ? ಫೋನ್ ತಕಬನ್ನಿ ಇಲ್ಲಿ." ಚೌಕಿಯಲ್ಲೇ ಹುಡುಗಿ ಫೋನು ಹಿಡಿದು ನಿಂತಳು. ಅವರು ಎದೆ ಉಬ್ಬಿಸಿ, ಕಣ್ಣು ತಿರುಗಿಸಿ ಕೊಟ್ಟರು ಒಂದು ಕೂಗು. ಹೊರಗೆ ಕಟ್ಟಿದ ದನ ಹಗ್ಗ ಹರಿಯಿತು.

ಫೋನಿನ ಒಳಗಿನಿಂದ ಒಂದು ಸಣ್ಣ ಸ್ವರ ಬಂತು. "ಕಿರೀಟ ಕಾಂತಿಲ್ಲ್ಯೆ ಮಗಾ."

ಮೂರು ಲೋಕವನ್ನು ನಡುಗಿಸಿದ ರಾಕ್ಷಸ ಗಂಟಲು ಸರಿಮಾಡಿಕೊಂಡು, ಎರಡು ಹೆಜ್ಜೆ ಹಿಂದೆ ಹೋಗಿ, ಬಗ್ಗಿ ಕೇಳಿದ. "ಈಗ ಕಾಂತಾ ಅಮ್ಮಾ? ಇನ್ನೂ ಹಿಂದ್ ಹೋಯ್ಕಾ?"

ಸಾಹೇಬರು ಬರೆದ ಗೆರೆ

ಈಗ ಹೊಸ್ತಿಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಸೋಣೆ ತಿಂಗಳಿಡೀ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಬೆಳಿಗ್ಗೆ ಹೊಸ್ತಿಲು ತೊಳೆದು, ಶೇಡಿ ಅನ್ನುವ ಬಿಳಿ ಮಣ್ಣಿನಲ್ಲಿ ಗೆರೆ ಬರೆದು, ಹೂವಿಟ್ಟು ಪೂಜೆ ಮಾಡುತ್ತೇವೆ. ಹೊಸ್ತಿಲಲ್ಲಿ ಅಜ್ಜಿ ಒಬ್ಬಳು ಬಂದು ಕೂರುತ್ತಾಳೆ ಅನ್ನುವುದು ನಂಬಿಕೆ. ಅವಳನ್ನು ಕರೆಯಲು ನಮ್ಮ ಮನೆಯಲ್ಲಿ ಒಂದು ಹಾಡೂ ಇದೆ.

ಸೋಣೆಗೆ ಮೊದಲಿನ ಆಸಾಡಿ ತಿಂಗಳಲ್ಲಿ ಮಸ್ಕತ್ತಿನಿಂದ ಸೊಸೆ ಫೋನ್ ಮಾಡಿದಳು. ಅವಳಿಗೆ ಸರಿಯಾದ ಹೊಸ್ತಿಲಿನಲ್ಲೇ ಪೂಜೆ ಮಾಡುವ ಆಸೆ, ಆದರೆ ಫ್ಲ್ಯಾಟಿಗೆ ಹೊಸ್ತಿಲೇ ಇಲ್ಲ. "ಅತ್ತೆ, ಹೋದ ವರ್ಷ ಟೈಲ್ಸಿನ ಮೇಲೆ ಹೂ ಇಟ್ಟೆ. ಮನೆ ಒರೆಸೋ ಮೆಷಿನ್ನು ಎಳ್ಕಂಡ್ ಹೋಯ್ತ್."

ನಾನು ಆಚಾರಿಯ ಹತ್ತಿರ ಹಲಸಿನ ಮರದ್ದೊಂದು ಸಣ್ಣ ಹೊಸ್ತಿಲು ಮಾಡಿಸಿದೆ. ಕಳಿಸುವುದು ಯಾರ ಕೈಯಲ್ಲಿ? ನಮ್ಮ ನೆರೆಮನೆಯ ಸಾಹೇಬರು ಇದ್ದರು. ಮಸ್ಕತ್ತಿನಲ್ಲಿ ಅತ್ತರಿನ ಅಂಗಡಿ, ವರ್ಷಕ್ಕೆ ಎರಡು ಸಲ ಬಂದು ಹೋಗುವವರು. ಅವರ ಮನೆಯ ಹಬ್ಬಕ್ಕೆ ನಾವು, ನಮ್ಮ ಮನೆಯ ಹಬ್ಬಕ್ಕೆ ಅವರು. "ಕೊಡಿ ಅಕ್ಕಾ, ನನ್ನ ಬಟ್ಟೆ ಅಲ್ಲೇ ತಕಂತೆ," ಅಂತ ಪೆಟ್ಟಿಗೆಯಿಂದ ತಮ್ಮ ಅಂಗಿಗಳನ್ನು ತೆಗೆದು, ಹೊಸ್ತಿಲು ಮಲಗಿಸಿದರು. ನಾನು ಒಂದು ಪೊಟ್ಟಣ ಶೇಡಿಯನ್ನೂ ಅಲ್ಲೇ ಸೇರಿಸಿದೆ.

ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದರು. ಮರದ ತುಂಡು ಸರಿ, ಆದರೆ ಈ ಬಿಳಿ ಪುಡಿ ಯಾವುದು?

"ಹೊಸ್ತಿಲಿಗೆ ಬರೆಯೋದು," ಅಂದರು ಸಾಹೇಬರು.

ಹಿಂದಿ ಆಡುವ ಆಫೀಸರು ಅವರ ಬಿಳಿ ಗಡ್ಡ ನೋಡಿದ, ಟೊಪ್ಪಿ ನೋಡಿದ, ಪುಡಿ ನೋಡಿದ. "ನೀವು ಬರೀತೀರಾ?"

"ನಾನಲ್ಲ, ನೆರೆಮನೆಯವರ ಸೊಸೆ."

"ಹೇಗೆ ಬರೆಯೋದು, ತೋರಿಸಿ ನೋಡೋಣ."

ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ. ವಿಮಾನಕ್ಕೆ ಹೊತ್ತಾಗುತ್ತಿತ್ತು. ಹೊಸ್ತಿಲನ್ನು ಮೇಜಿನ ಮೇಲೆ ಇಟ್ಟು, ಬಾಟಲಿಯ ನೀರಿನಲ್ಲಿ ಶೇಡಿ ಕಲಸಿ, ಬೆರಳಿನಲ್ಲಿ ಗೆರೆ ಎಳೆಯಲು ಶುರುಮಾಡಿದರು. ಸಣ್ಣಂದಿನಿಂದ ನಮ್ಮ ಜಗಲಿಯಲ್ಲಿ ನೋಡಿದ್ದು ಕೈಗೆ ಬಂತಂತೆ. ಸುತ್ತ ಜನ ಸೇರಿದರು. ಆಗ ಆಚೆ ಸಾಲಿನಲ್ಲಿ ತಪಾಸಣೆ ಮಾಡುತ್ತಿದ್ದ, ಬ್ರಹ್ಮಾವರದ ಕಡೆಯ ಒಬ್ಬಳು ಹೆಣ್ಣು ಆಫೀಸರು ಬಂದು ಬಗ್ಗಿ ನೋಡಿದಳು. ಹಿಂದಿಯವ, "ಇದು ಸರಿಯಾ ಮೇಡಂ?" ಅಂತ ಕೇಳಿದ.

"ಎಲ್ಲಿಯ ಸರಿ?" ಅಂದಳು ಅವಳು. "ಹ್ವಾಯ್ ಸಾಹೇಬ್ರೆ, ಬಲಗಡೆ ಮೂಲೆ ಬಿಟ್ಟ್ ಹೋಯ್ತ್. ಅದೊಂದ್ ಸೇರ್ಸಿ ಹೊರಡಿ."

ಗಾಳಿ ತಾಗದ ಆಚಾರ

ಸೋಣೆ ತಿಂಗಳು ಮುಗಿಯುತ್ತಾ ಬಂತು. ಗೈಡ್ ಮೇಷ್ಟ್ರು ಬರುವ ದಿನವೂ ಬಂತು. ಹಿಂದಿನ ಸಂಜೆ ಫೋನ್ ಮಾಡಿ ಹುಡುಗಿಗೆ ಹೇಳಿದರಂತೆ: "ನೀನು ಕಳಿಸಿದ್ದೆಲ್ಲ ನೋಡಿದೆ. ಎಲ್ಲಿ ನೋಡಿದರೂ ಫೋನು, ವಿಮಾನ. ಇದೆಲ್ಲ ಬದಲಾಗಿದೆ ಅಂತ ಹೇಳಬೇಕಾದರೆ, ಬದಲಾಗದೇ ಉಳಿದದ್ದು ಒಂದಾದರೂ ಬೇಕಲ್ಲ ಪಕ್ಕದಲ್ಲಿಟ್ಟು ನೋಡಲು? ಹೊರಗಿನ ಗಾಳಿ ತಾಗದ ಒಂದು ಆಚಾರ ತೋರಿಸು. ಅದಿಲ್ಲದೆ ನಾನು ಒಪ್ಪಲಾರೆ."

ಹುಡುಗಿ ಊಟ ಬಿಟ್ಟು ಕೂತಳು. "ಅಂಥದ್ದು ಎಲ್ಲಿಂದ ತರಲಿ ಅಜ್ಜಿ?"

"ಎಲ್ಲಿಂದಲೂ ತರುದ್ ಬೇಡ. ಬೆಳಿಗ್ಗೆ ನಮ್ಮ ಹೊಸ್ತಿಲು ಪೂಜೆ ತೋರ್ಸುವ. ನನ್ನ ಅತ್ತೆಯ ಅತ್ತೆ ಮಾಡಿದ್, ನಾನೂ ಹಾಂಗೇ ಮಾಡುದ್," ಅಂದೆ. ನನಗೆ ಆ ವಿಷಯದಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಬೆಳಿಗ್ಗೆ ಅವಳು ಮೇಷ್ಟ್ರನ್ನು ಕರೆತರಲು ಬೈಂದೂರು ಸ್ಟೇಷನ್ನಿಗೆ ಹೋದಳು. ಅವಳು ಅತ್ತ ಹೋದದ್ದೇ ಇತ್ತ ನಾನೂ ಓರಗಿತ್ತಿಯೂ ಸೊಂಟ ಕಟ್ಟಿದೆವು. ಗಾಳಿ ತಾಗಬಾರದು ಅಂದ ಮೇಲೆ ತಾಗಬಾರದು. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಹೇಬರ ಹಿತ್ತಲಿಗೆ ಸಾಗಿಸಿದೆವು. ಗೋಡೆಯಲ್ಲಿದ್ದ ಮಸ್ಕತ್ತಿನ ಗಡಿಯಾರ ಮಂಚದ ಕೆಳಗೆ ಹೋಯಿತು. ಫೋನು ಅಕ್ಕಿ ಡ್ರಮ್ಮಿನೊಳಗೆ ಹೋಯಿತು. ಫ್ರಿಜ್ಜನ್ನು ಎತ್ತಲು ಆಗಲಿಲ್ಲ. ಅದಕ್ಕೆ ಓರಗಿತ್ತಿ ತನ್ನದೊಂದು ಹಳೆಯ ಸೀರೆ ಸುತ್ತಿ, ಮೂಲೆಯಲ್ಲಿ ನಿಲ್ಲಿಸಿದಳು.

ಮೇಷ್ಟ್ರು ಬಂದರು. ನಾನು ದೊಡ್ಡ ಮೀಸೆಯವರನ್ನು ನೆನೆಸಿದ್ದೆ. ಇವರು ಮೆತ್ತಗಿನ ಜನ, ರೈಲಿನ ನಿದ್ದೆ ಇನ್ನೂ ಕಣ್ಣಲ್ಲೇ ಇತ್ತು. ಮಣೆಯ ಮೇಲೆ ಕೂತು ಸುತ್ತ ನೋಡಿದರು. "ಎಷ್ಟು ಶುದ್ಧವಾಗಿದೆ," ಅಂದರು. ಹುಡುಗಿ ಮಾತ್ರ ಬರಿದಾದ ಗೋಡೆ ನೋಡಿ, ನನ್ನ ಮುಖ ನೋಡಿ, ತಲೆ ತಗ್ಗಿಸಿದಳು.

ನಾನು ಹೊಸ್ತಿಲು ತೊಳೆದೆ. ಶೇಡಿ ಬರೆದೆ. ಹೂವಿಟ್ಟೆ. ಆರತಿ ತಟ್ಟೆ ಹಿಡಿದು ಹಾಡು ಎತ್ತಿದೆ.

"ಬಾಗಿಲ ಕಾಯುವ ಅಜ್ಜಿ ಬಾರೆ, ಬಾಚಿದ ತಲೆಗೆ ಹೂವ ಮುಡಿಸುವೆ..."

ಮುಂದಿನ ಸಾಲು ಬರಲಿಲ್ಲ.

ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮೊದಲಿನ ಸಾಲನ್ನೇ ತಿರುಗಿ ಹೇಳಿದೆ. ಆಗಲಾದರೂ ಬಂದೀತು ಅಂತ ಮತ್ತೊಮ್ಮೆ ಹೇಳಿದೆ. ಮೇಷ್ಟ್ರು ಹುಡುಗಿಯ ಕಡೆ ಬಾಗಿ, "ಗಮನಿಸಿದೆಯಾ? ಒಂದೇ ಸಾಲಿನ ಆವರ್ತನ. ಬಹಳ ಹಳೆಯ ಲಕ್ಷಣ," ಅಂದರು.  ಮತ್ತೂ ಅದೇ ಸಾಲು ಹಾಡಿದೆ.

ಓರಗಿತ್ತಿ ನನ್ನ ಸೊಂಟ ತಿವಿದಳು. "ಅಕ್ಕಾ, ಅಜ್ಜಿ ಬಾಗ್ಲಗೆ ನಿಂತ್ ನಿಂತ್ ಸುಸ್ತಾಯ್ರ್. ಒಳಗೆ ಕರಿನಿ."

"ಮುಂದೆ ಎಂತದೆ?" ಅಂದೆ ತುಟಿಯಲ್ಲೇ.

"ನಂಗೆಂತ ಗೊತ್ತ್? ನಾನ್ ಫೋನಿನೊಟ್ಟಿಗೆ ಬಾಯಿ ಆಡ್ಸುದ್ ಅಷ್ಟೆ."

ಆಗ ನನಗೆ ಹೊಳೆಯಿತು. ನಾನು ಮಾಡುತ್ತಿದ್ದದ್ದೂ ಅದನ್ನೇ. ಸೊಸೆ ಮಸ್ಕತ್ತಿಗೆ ಹೋಗುವ ಮೊದಲು ಈ ಹಾಡನ್ನು ಕಲಿಸಿದವಳು ನಾನು. ಅಲ್ಲಿಗೆ ಹೋದ ಮೇಲೆ ಸೋಣೆ ತಿಂಗಳಲ್ಲಿ ದಿನವೂ ಬೆಳಿಗ್ಗೆ ಫೋನು ಇಟ್ಟುಕೊಂಡು ಒಟ್ಟಿಗೆ ಪೂಜೆ. ಅವಳು ಮುಂದೆ ಹಾಡುವುದು, ನಾವು ಹಿಂದೆ ಹಾಡುವುದು. ಹಾಗೆ ಹಾಡಿ ಹಾಡಿ, ಹಾಡು ಪೂರ್ತಿ ಅಲ್ಲಿಗೆ ಹೋಗಿ ಕೂತಿತ್ತು.

ಪೂಜೆ ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ. ಮೇಷ್ಟ್ರಿಗಿಂತ ಹೊಸ್ತಿಲಜ್ಜಿ ದೊಡ್ಡವಳು. ತಟ್ಟೆಯನ್ನು ಓರಗಿತ್ತಿಯ ಕೈಗೆ ಕೊಟ್ಟು ನೇರ ಅಕ್ಕಿ ಡ್ರಮ್ಮಿನ ಹತ್ತಿರ ಹೋದೆ, ಮೊಣಕೈವರೆಗೆ ಕೈಹಾಕಿ ಫೋನು ತೆಗೆದೆ, ಅಕ್ಕಿ ಕೊಡವಿ ಮಸ್ಕತ್ತಿಗೆ ಹಚ್ಚಿದೆ. ಹುಡುಗಿ ಕಣ್ಣು ಮುಚ್ಚಿಕೊಂಡಳು.

ಸೊಸೆ ಅವತ್ತು ಬೇಗ ಕೆಲಸಕ್ಕೆ ಹೋಗಿದ್ದಳು. ಫೋನು ಎತ್ತಿದ್ದು ಮೊಮ್ಮಗಳನ್ನು ನೋಡಿಕೊಳ್ಳಲು ಬರುವ ಅವಳ ಪಕ್ಕದ ಫ್ಲ್ಯಾಟಿನವಳು. ಫಿಲಿಪೈನ್ಸ್ ದೇಶದ ಹೆಣ್ಣು, ಕೊರಳಲ್ಲಿ ಶಿಲುಬೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ನಾನು ಹೊಸ್ತಿಲು ತೋರಿಸಿದೆ, ಬಾಯಿ ತೋರಿಸಿದೆ, ಕೈ ಮೇಲೆ ಮಾಡಿದೆ. ಅವಳಿಗೆ ತಿಳಿಯಿತು. ನಕ್ಕಳು. ಮೊಮ್ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಅಲ್ಲಿನ ಹೊಸ್ತಿಲಿನ ಎದುರು ಹೋಗಿ ನಿಂತು, ನನಗೆ ಮರೆತ ಸಾಲಿನಿಂದ ಎತ್ತಿ ಕೊನೆಯವರೆಗೂ ಹಾಡಿದಳು. ಶಬ್ದಗಳು ಅಲ್ಲಲ್ಲಿ ಸೊಟ್ಟ. ಬಿಟ್ಟದ್ದು ಮಾತ್ರ ಒಂದೂ ಇಲ್ಲ. ನಾನೂ ಓರಗಿತ್ತಿಯೂ ಅವಳ ಹಿಂದೆ ಹಾಡಿ ಆರತಿ ಮುಗಿಸಿದೆವು.

ಮೇಷ್ಟ್ರು ಮಣೆಯಿಂದ ಎದ್ದು ಬಂದು ಫೋನನ್ನು ಬಗ್ಗಿ ನೋಡುತ್ತಿದ್ದರು. "ಇವರು ಯಾರು?"

"ಸೊಸೆಯ ಆಚೆ ಮನೆಯವ್ಳ್," ಅಂದೆ.

"ಯಾವ ಊರಿನವರು?"

"ಸ್ವಲ್ಪ ದೂರ ಆತ್ತ್."

ಹುಡುಗಿ ಆ ಹೆಣ್ಣಿನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಕೇಳಿ ನಮಗೆ ಹೇಳಿದಳು. ಆ ಹೆಣ್ಣಿನ ತಾಯಿಯೂ ಊರಿನಲ್ಲಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದಳಂತೆ. ಮಸ್ಕತ್ತಿನ ಆ ಕಟ್ಟಡದಲ್ಲಿ ಬಾಗಿಲಿಗೆ ಹೂವಿಡುವ ಮನೆ ನಮ್ಮ ಸೊಸೆಯದ್ದು ಒಂದೇ. ಅದಕ್ಕೇ ದಿನಾ ಬಂದು ನಿಂತು ಕಲಿತದ್ದಂತೆ.

 ಹುಡುಗಿ ಮೆಲ್ಲಗೆ ತಲೆ ಎತ್ತಿದಳು. ಮೊದಲ ಸಲ ಅವಳ ಮುಖದಲ್ಲಿ ಆ ಚಿಂತೆ ಇರಲಿಲ್ಲ.

"ಸರ್, ಗಾಳಿ ತಾಗದ ಆಚಾರ ನನ್ನ ಹತ್ತಿರ ಇಲ್ಲ. ತಾಗದೇ ಇದ್ದಿದ್ದರೆ ಈ ಹಾಡು ಇವತ್ತು ಒಂದು ಸಾಲಿಗೇ ನಿಲ್ಲುತ್ತಿತ್ತು. ಇಲ್ಲಿಂದ ಹೋದ ಪೂಜೆ ಅಲ್ಲಿಯ ಬಾಗಿಲನ್ನ ಬದಲಾಯಿಸಿದೆ. ಅಲ್ಲಿಂದ ಅದೇ ಪೂಜೆ ತಿರುಗಿ ಬಂದು ಇಲ್ಲಿಯದನ್ನ ಉಳಿಸಿದೆ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ಬೇಡ ಅಂದರೆ ಹೆಸರು ತೆಗೆಸಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.  ಆಮೇಲೆ, "ಹೆಸರು ಇರಲಿ. ಈಗ ಹೇಳಿದೆಯಲ್ಲ, ಅದನ್ನು ಹಾಗೆಯೇ ಮೊದಲ ಪುಟಕ್ಕೆ ಬರಿ," ಅಂದರು. ಹುಡುಗಿ ಬಂದು ನನ್ನ ಹೆಗಲಿಗೆ ಮುಖ ಒತ್ತಿದಳು. ಓರಗಿತ್ತಿ ಮೂಗು ಒರೆಸಿಕೊಂಡು, "ಎಲ್ರೂ ತಿಂಡಿಗೆ ಬನ್ನಿ," ಅಂತ ಒಳಗೆ ಹೊರಟಳು.

ಮೇಷ್ಟ್ರು ಕೈ ತೊಳೆದು ಬಂದವರು ಮೂಲೆಯ ಕಡೆ ನೋಡಿ ಅಲ್ಲೇ ನಿಂತರು. ಬಹಳ ಮರ್ಯಾದೆಯಿಂದ ಹೇಳಿದರು. "ಅಮ್ಮ, ಆ ಸೀರೆ ಉಟ್ಟು ನಿಂತವರನ್ನೂ ತಿಂಡಿಗೆ ಕರೀರಿ. ನಾನು ಬಂದಾಗಿನಿಂದ ಪಾಪ, ಗುಂಯ್ ಅಂತ ಅವರೊಬ್ಬರೇ ನಿಲ್ಲಿಸದೆ ಹಾಡ್ತಾ ಇದ್ದಾರೆ."

ಇಷ್ಟು ಕೇಳಿದಿರಿ, ಈಗ ಯಾರು ಎಲ್ಲಿದ್ದಾರೆ ಅಂತಲೂ ಹೇಳಿಬಿಡುತ್ತೇನೆ. ಹುಡುಗಿಗೆ ಡಾಕ್ಟರ್ ಪದವಿ ಸಿಕ್ಕಿತು. ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಶಿರೂರಿನ ಒಣಮೀನು ಇಲ್ಲದೆ ಊಟ ಸೇರುವುದಿಲ್ಲ ಅನ್ನುತ್ತಾಳೆ. ಮೇಷ್ಟ್ರು ನಿವೃತ್ತರಾಗಿ ತೋಟ ಮಾಡಿಕೊಂಡು ಆರಾಮ ಇದ್ದಾರಂತೆ. ಪಾತ್ರಿ ಈಗಲೂ ಐಸ್ ಪ್ಲಾಂಟಿನಲ್ಲೇ ಇದ್ದಾರೆ, ಈಗಲೂ ಮಾತು ಕಡಿಮೆ. ಬಣ್ಣದ ವೇಷದವರು ಗೆಜ್ಜೆ ಬಿಚ್ಚಿಟ್ಟು ಮಕ್ಕಳಿಗೆ ಕುಣಿತ ಕಲಿಸುತ್ತಾರೆ. ಮುಂಬಯಿಯ ಆ ಅಮ್ಮ ಮುಂದಿನ ಮಳೆಗಾಲದಲ್ಲಿ ನಿದ್ದೆಯಲ್ಲೇ ತೀರಿಕೊಂಡರು, ಹರಕೆ ಬಾಕಿ ಇಲ್ಲದೆ. ಸಾಹೇಬರು ಅಂಗಡಿಯನ್ನು ಮಗನಿಗೆ ಬಿಟ್ಟು ಊರಿಗೇ ಬಂದರು. ಸಂಜೆ ನಮ್ಮ ಜಗಲಿಯಲ್ಲಿ ಕೂತು ಓರಗಿತ್ತಿಯ ಚಾದಲ್ಲಿ ತಪ್ಪು ಹುಡುಕುತ್ತಾರೆ. ಓರಗಿತ್ತಿಗೆ ಎಂತ ಆಗುತ್ತದೆ? ಅವಳು ಇದ್ದ ಹಾಗೆಯೇ ಇದ್ದಾಳೆ.

ಸೊಸೆ ಮನೆ ಬದಲಿಸುವಾಗ ಹೊಸ್ತಿಲನ್ನೂ ಹೊತ್ತುಕೊಂಡು ಹೋದಳು. ಆ ಫಿಲಿಪೈನ್ಸಿನ ಹೆಣ್ಣು ಮಸ್ಕತ್ತಿನ ಕೆಲಸ ಬಿಟ್ಟು, ತನ್ನ ಊರಿನಲ್ಲಿ ಮನೆ ಕಟ್ಟಿಸಿದಳು. ಫೋಟೋ ಕಳಿಸಿದ್ದಳು. ಬಾಗಿಲ ಮೇಲೆ ಶಿಲುಬೆ, ಬಾಗಿಲ ಕೆಳಗೆ ಮರದ ಹೊಸ್ತಿಲು, ಅದರ ಮೇಲೆ ನನಗೆ ಹೆಸರು ಗೊತ್ತಿಲ್ಲದ ಒಂದು ಹಳದಿ ಹೂವು.

ನಾನು ಆ ಹಾಡನ್ನು ತಿರುಗಿ ಕಲಿತೆ. ಈಗ ಫೋನು ಇಲ್ಲದೆಯೂ ಕೊನೆಯವರೆಗೆ ಬರುತ್ತದೆ. ಎರಡು ಶಬ್ದ ಮಾತ್ರ ಆ ಹೆಣ್ಣು ಹಾಡಿದ ಹಾಗೆ ಸೊಟ್ಟವಾಗಿಯೇ ಬಾಯಿಗೆ ಬರುತ್ತವೆ. ಸರಿಮಾಡಲು ಬರುತ್ತದೆ, ಮಾಡಲಿಲ್ಲ. ಆ ಎರಡು ಶಬ್ದ ಬರುವಾಗ ಹೊಸ್ತಿಲಜ್ಜಿಯ ಪಕ್ಕದಲ್ಲಿ ಅವಳೂ ಬಂದು ನಿಂತ ಹಾಗೆ ಆಗುತ್ತದೆ.